ಮೋರಿ ಹತ್ತಿದ ಮೀನು

ಕಳೆದ ವಾರ ನಾನು ಒಂದು ಮೀನಿಗೆ ಚಪ್ಪಾಳೆ ತಟ್ಟಿದೆ. ನಗಬೇಡಿ. ನಾನೊಬ್ಬನೇ ಅಲ್ಲ, ಅದನ್ನು ಹಿಡಿದು ಸಾರು ಮಾಡಲೆಂದೇ ಬುಟ್ಟಿ ತಂದವರೂ ತಟ್ಟಿದರು!

ನಡೆದದ್ದು ಕಾಯ್ಕಿಣಿಯಲ್ಲಿ, ನನ್ನ ಅಕ್ಕ ಸಾವಿತ್ರಿಯ ಗದ್ದೆಯ ಕೆಳಗಿನ ಹಳ್ಳದಲ್ಲಿ. ಹತ್ತುಮೀನು ಅಂದರೆ ಗೊತ್ತಲ್ಲ? ಮೊದಲ ಮಳೆಗೆ ಹಳ್ಳದ ನೀರು ಕೆಂಪಾಗುತ್ತಿದ್ದಂತೆ, ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳು ಹೊಳೆಯಿಂದ ಗದ್ದೆಗಳತ್ತ ಹತ್ತಿ ಬರುತ್ತವೆ. ಅವನ್ನು ಹಿಡಿಯುವುದೇ ನಮಗೊಂದು ಸಂಭ್ರಮ.

ಆದರೆ ರಸ್ತೆಗೆ ಹೊಸ ಮೋರಿ ಆದಮೇಲೆ ಅಕ್ಕನ ಗದ್ದೆಗೆ ಒಂದು ಮೀನೂ ಬರಲಿಲ್ಲ. ಯಾಕೆ? ಮೋರಿಯ ಪೈಪಿನ ಬಾಯಿ ಹಳ್ಳಕ್ಕಿಂತ ಮೊಣಕಾಲೆತ್ತರ ಮೇಲಿತ್ತು. ಮೀನುಗಳು ನೆಗೆದು, ಗೋಡೆಗೆ ಬಡಿದು, ಕೆಳಗಿನ ಗುಂಡಿಗೇ ಬೀಳುತ್ತಿದ್ದವು. ಅಲ್ಲಿ ಕೆಳಗಿನ ಕೇರಿಯ ಗಣಪತಿಯ ಪಟಾಲಂ ಬುಟ್ಟಿ ಹಿಡಿದು ನಿಂತಿರುತ್ತಿತ್ತು. ಬಲೆಯೂ ಬೇಡ, ಬಾಚಿಕೊಂಡರೆ ಆಯಿತು. ಮೊದಲ ವರ್ಷ ಬುಟ್ಟಿ ತುಂಬಿತು. ಹೋದ ವರ್ಷ ತಳವೂ ಮುಚ್ಚಲಿಲ್ಲ.

ಅಕ್ಕ ಸುಮ್ಮನಿರುವ ಪೈಕಿಯಲ್ಲ. ಹಳ್ಳದಿಂದ ಮೋರಿಯ ಬಾಯಿವರೆಗೆ ಕಲ್ಲಿನ ಮೆಟ್ಟಿಲು ಕಟ್ಟಿಸುತ್ತೇನೆ ಎಂದು ಹೊರಟಳು. (ಪಂಚಾಯ್ತಿಯನ್ನು ಒಪ್ಪಿಸಿದ ಕತೆ ಕೇಳಬೇಡಿ, ನನಗೆ ಬಿಪಿ ಏರುತ್ತದೆ.)

“ಮೀನಿಗೆ ಮೆಟ್ಲು ಎಂತಕ್ಕೆ ಸಾವಿತ್ರಕ್ಕ? ಹಂಗೇ ರೇಲಿಂಗೂ ಹಾಕ್ಸಿ” ಎಂದ ಗಣಪತಿ.

“ಮೇಲೆ ಹೋಗಿ ಮೊಟ್ಟೆ ಇಟ್ರೆ ಅಲ್ದನಾ ನಿಂಗೆ ಮುಂದಿನ ವರ್ಷ ಮೀನು?”

“ಆತು. ಈ ಮಳೆಗೆ ಒಂದಾದ್ರೂ ಹತ್ಲಿ. ಹತ್ತಿಲ್ಲ ಅಂದ್ರೆ ಕಲ್ಲೆಲ್ಲ ಕಿತ್ತು ತೆಗಿಬೇಕು. ಆಮೇಲೆ ಈ ಸುದ್ದಿ ಎತ್ತಬಾರ್ದು.”

ಅಕ್ಕ ಒಪ್ಪಿದಳು. ಊರೆದುರೇ ಒಪ್ಪಿದಳು.

ನಮ್ಮವರಿಗೊಂದು ರೋಗವಿದೆ. ಏನೇ ಕಟ್ಟಲಿ, ಫಿನಿಶಿಂಗ್ ಬೇಕು! ಗಾರೆ ಕೆಲಸದ ಮಂಜು ಕಲ್ಲಿನ ಮೇಲೆ ಸಿಮೆಂಟು ಬಳಿದು, ಕರಣೆ ಎಳೆದೆಳೆದು, ಮೆಟ್ಟಿಲನ್ನು ಮನೆಯ ಜಗುಲಿಗಿಂತ ನುಣುಪು ಮಾಡಿಬಿಟ್ಟ. ನಾವೆಲ್ಲ ನಿಂತು ಹೊಗಳಿದೆವು. ನಾನು ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದೆ.

ಮಳೆ ಬಂತು. ಮೀನುಗಳೂ ಬಂದವು. ಮೊದಲ ಮೆಟ್ಟಿಲಿಗೆ ನೆಗೆದವು. ನುಣುಪು ಸಿಮೆಂಟಿನ ಮೇಲೆ ರಭಸದಿಂದ ಬಂದ ನೀರು ಅವನ್ನು ಜರ್ರನೆ ಕೆಳಗೆ ತಳ್ಳಿತು. ಮತ್ತೆ ನೆಗೆದವು, ಮತ್ತೆ ಜಾರಿದವು. ಗಣಪತಿಯ ಪಟಾಲಂ ಹೋ ಎಂದು ನಕ್ಕಿತು. ಅಕ್ಕನ ಮುಖ ಸಪ್ಪಗಾಯಿತು.

“ಮಂಜೂ, ಸುತ್ತಿಗೆ ತಾ!”

ಸೀರೆ ಎತ್ತಿ ಕಟ್ಟಿ ಅಕ್ಕ ನೀರಿಗಿಳಿದೇ ಬಿಟ್ಟಳು. ತಾನೇ ಮೆಚ್ಚಿದ್ದ ಫಿನಿಶಿಂಗನ್ನು ಕುಟ್ಟಿ ಕುಟ್ಟಿ ಒಡೆದಳು. “ಅಯ್ಯೋ, ನನ್ನ ಕೆಲ್ಸ!” ಎನ್ನುತ್ತಲೇ ಮಂಜು ಒರಟು ಚೀರೆಕಲ್ಲಿನ ತುಂಡುಗಳನ್ನು ಅಡ್ಡಾದಿಡ್ಡಿ ಸಿಕ್ಕಿಸಿದ. ನೀರಿನ ಜೋರು ಮುರಿಯಿತು. ಕಲ್ಲುಗಳ ಹಿಂದೆ ಸಣ್ಣ ಸಣ್ಣ ಗುಂಡಿಗಳಾದವು.

ಒಂದು ಮೀನು ನೆಗೆಯಿತು. ಜಾರಲಿಲ್ಲ! ಗುಂಡಿಯಲ್ಲಿ ಕೊಂಚ ಸುಧಾರಿಸಿಕೊಂಡು ಮತ್ತೆ ನೆಗೆಯಿತು.

“ಹತ್ತು! ಹತ್ತು ಮಾರಾಯ್ತಿ!”

ಕೂಗಿದ್ದು ಯಾರೆಂದುಕೊಂಡಿರಿ? ಗಣಪತಿ! ಅವನ ಬುಟ್ಟಿ ಯಾವಾಗ ಕೈಜಾರಿ ತೇಲಿಹೋಯಿತೋ ಅವನಿಗೇ ಗೊತ್ತಿಲ್ಲ. ಮೀನು ಪೈಪಿನ ಬಾಯಿಗೆ ಬಂತು, ಬಾಲ ಬಡಿಯಿತು, ಒಳಗೆ ಹೊಕ್ಕು ಮಾಯ! ಹಿಂದೆಯೇ ಇನ್ನೊಂದು. ಮತ್ತೊಂದು. ಆಮೇಲೆ ಹಿಂಡು ಹಿಂಡೇ. ವರ್ಲ್ಡ್ ಕಪ್ ಗೆದ್ದಾಗಲೂ ನಾನು ಹಾಗೆ ಕುಣಿದವನಲ್ಲ. ಅಕ್ಕ ಸುತ್ತಿಗೆ ಹಿಡಿದುಕೊಂಡೇ ಅತ್ತಳು, ಅಳುತ್ತಲೇ ನಕ್ಕಳು.

“ಎಂತಾ ಗಣಪತಿ, ಸಾಕಾ?”

“ಸಾಕಾಗ್ಲಿಲ್ಲ ಅಕ್ಕಾ. ಶಿರಾಲಿಯಲ್ಲಿ ನನ್ನ ಮಾವನ ಮನೆ ಹತ್ರ ಇಂಥದೇ ಒಂದು ಮೋರಿ ಅದೆ. ಸುತ್ತಿಗೆ ತಕಂಡು ಬತ್ರಾ?”

ಅಕ್ಕ ಹೊರಟೇಬಿಟ್ಟಿದ್ದಾಳೆ. ಅದಿರಲಿ, ನಿಮ್ಮೂರ ಮೋರಿಯ ಕೆಳಗೆ ಯಾರಾದರೂ ಹತ್ತಲಾಗದೆ ನಿಂತಿದ್ದಾರಾ ಎಂದು ನೀವು ಒಮ್ಮೆಯಾದರೂ ಬಗ್ಗಿ ನೋಡಿದ್ದೀರಾ?