ಪಾರಿಶ್ವಾಡದ ಲೈನ್‌ಮನ್ ಕರೆ ಕಡಿದ ಮಧ್ಯಾಹ್ನ

ಕೊರೊನಾ ತಗ್ಗಿದ ಮೊದಲ ವರ್ಷ. ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದ ನಾನು ನಿವೃತ್ತಳಾಗಿ, ರಾಮತೀರ್ಥ ನಗರದ ನಮ್ಮ ಮನೆಯಿಂದಲೇ ಆನ್‌ಲೈನ್ ಕೌನ್ಸೆಲಿಂಗ್ ಮಾಡುತ್ತಿದ್ದೆ. ನಿದ್ದೆ ಬಾರದವರು, ಪರೀಕ್ಷೆಗೆ ಹೆದರಿದವರು, ಮನೆಯ ಜಗಳದಿಂದ ದಣಿದವರು ಪರದೆಯ ಮೇಲೆ ಬರುತ್ತಿದ್ದರು. ಹೆಚ್ಚಿನವರು ಕೆಲವು ವಾರಗಳಲ್ಲಿ ಹಗುರಾಗಿ ಹೋಗುತ್ತಿದ್ದರು. ಮಾರುತಿ ಹಾಗೆ ಹೋಗಲಿಲ್ಲ.

ಮಾರುತಿ ಖಾನಾಪುರ ತಾಲ್ಲೂಕಿನ ಪಾರಿಶ್ವಾಡದವನು. ಕುರಿ ಕಾಯುವ ಮನೆತನದಲ್ಲಿ ನೌಕರಿ ಹಿಡಿದ ಮೊದಲಿಗ, ವಿದ್ಯುತ್ ಲೈನ್‌ಮನ್. ಮನೆಯಲ್ಲಿ ಮಾತಾಡಲಾಗದೆ ಹೊಲದ ಬದುವಿನ ಮೇಲೆ ಕುಳಿತು ಕರೆ ಮಾಡುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ತಂತಿ ಹರಿದಾಗ ಅವನ ಜೊತೆಗಾರ ಪರಶುರಾಮ ಕಂಬ ಏರಿದ್ದ. ಕರೆಂಟ್ ಬಂದ್ ಮಾಡಿಸಿ, ಕೆಳಗೆ ನಿಂತು "ಏರು" ಎಂದವನು ಮಾರುತಿ. ಆದರೆ ಯಾರದೋ ಮನೆಯ ಜನರೇಟರ್‌ನಿಂದ ಕರೆಂಟ್ ತಿರುಗಿ ತಂತಿಗೆ ಹರಿಯಿತು. ಇದಕ್ಕೆ ಬ್ಯಾಕ್‌ಫೀಡ್ ಎನ್ನುತ್ತಾರೆ. ಪರಶುರಾಮ ಕಂಬದ ಮೇಲೆಯೇ ತೀರಿಕೊಂಡ. ವಿಚಾರಣೆಯಲ್ಲಿ ಮಾರುತಿಯ ತಪ್ಪಿಲ್ಲವೆಂದಾಯಿತು.

"ತಪ್ಪಿಲ್ಲ ಅಂತ ಸಾಹೇಬ್ರು ಬರದಾರ್ರಿ. ಏರು ಅಂದಾವ ನಾನ ಅಲ್ಲೇನ್ರಿ?" ಎಂದು ಪ್ರತಿ ಸಲ ಕೇಳುತ್ತಿದ್ದ.

ಪರಶುರಾಮನ ಹೆಂಡತಿ ಶಾಂತವ್ವನ ಮನೆ ಅದೇ ಓಣಿಯಲ್ಲಿತ್ತು. ಆಕೆ ಎದುರಾದರೆ ಮಾರುತಿ ಬೇರೆ ದಾರಿ ಹಿಡಿಯುತ್ತಿದ್ದ. ಕಂಬದ ಬುಡಕ್ಕೆ ಹೋದರೆ ಎದೆ ಹೊಡೆದುಕೊಂಡು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಪ್ಯಾನಿಕ್ ಅಟ್ಯಾಕ್ ಎಂದರೆ ಇದೇ. ನಾನು ಉಸಿರಾಟದ ಅಭ್ಯಾಸ ಕಲಿಸಿದೆ, ಬೆಳಗಾವಿಗೆ ಬಂದು ಮನೋವೈದ್ಯರನ್ನು ಕಾಣಲು ಹೇಳಿದೆ.

"ಊರಾಗ ಗೊತ್ತಾದ್ರ ಹುಚ್ಚ ಅಂತಾರ್ರಿ" ಎಂದು ಮುಂದೂಡಿದ. ಹೆಂಡತಿ ಲಕ್ಷ್ಮಿಗೂ ಏನೂ ಹೇಳಿರಲಿಲ್ಲ. ಜೀವಕ್ಕೆ ಅಪಾಯವೆನಿಸಿದರೆ ಮಾತ್ರ ಫೋನ್ ಮಾಡುತ್ತೇನೆಂದು ಒಪ್ಪಿಸಿ ಆಕೆಯ ನಂಬರ್ ಪಡೆದಿದ್ದೆ.

ಒಂದು ಮಧ್ಯಾಹ್ನ ಪರದೆಯ ಮೇಲೆ ಬಂದವನ ಮುಖ ತಿಳಿಯಾಗಿತ್ತು. ದನಿಯಲ್ಲಿ ನಡುಕವಿರಲಿಲ್ಲ.

"ಇನ್ನ ನಿಮಗ ತ್ರಾಸ ಕೊಡೂದಿಲ್ರಿ ಬಾಯಾರ. ಭಾಳ ಉಪಕಾರ ಆತು" ಎಂದ.

ಬಹುದಿನದ ಸಂಕಟದಲ್ಲಿರುವವರು ಒಮ್ಮೆಲೇ ಶಾಂತರಾದರೆ ನಮ್ಮ ವೃತ್ತಿಯವರಿಗೆ ಹೆದರಿಕೆಯಾಗುತ್ತದೆ. ಸುತ್ತಿ ಬಳಸದೆ ಕೇಳಿದೆ.

"ಮಾರುತಿ, ಸಾಯೂ ವಿಚಾರ ಮಾಡೀರೇನು?"

"ಖರೇ ಹೇಳಬೇಕಂದ್ರ, ಹೂಂ ರೀ."

ಕರೆ ಕಡಿಯಿತು. ಮತ್ತೆ ಹಚ್ಚಿದರೆ ಫೋನ್ ಸ್ವಿಚ್ ಆಫ್. ಲಕ್ಷ್ಮಿಗೆ ಹಚ್ಚಿದೆ. ಆಕೆ ಖಾನಾಪುರದ ಪೇಟೆಯಲ್ಲಿದ್ದಳು. ನಾನು ಯಾರು, ಏಕೆ ಫೋನ್ ಮಾಡಿದೆ ಎಂದು ಹೇಳುವಷ್ಟರಲ್ಲಿ ಅಳತೊಡಗಿದಳು.

"ಆಮ್ಯಾಲೆ ಅಳೂಣು. ಬಾಜು ಮನ್ಯಾಗ ಯಾರದಾರ? ಹೊಲಕ್ಕ ಓಡಿಸು" ಎಂದೆ.

ಆ ಗಾಬರಿಯಲ್ಲಿ ಅವಳ ಕೈಗೆ ಸಿಕ್ಕ ಮೊದಲ ನಂಬರ್ ಶಾಂತವ್ವನದು.

ಶಾಂತವ್ವ ಓಡಿದಳು, ಸಮಯಕ್ಕೆ ಮುಟ್ಟಿದಳು. ಕೂಗಿ ಜನರನ್ನು ಕರೆದು, ಗಾಡಿ ಬರುವ ತನಕ ಅವನ ಕೈ ಬಿಡದೆ ಕುಳಿತಿದ್ದಳಂತೆ. ಸಂಜೆಗೆ ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದರು.

ಕೆಲವು ದಿನಗಳ ನಂತರ ವಾರ್ಡಿಗೆ ಹೋದೆ. ಪರದೆಯಲ್ಲಷ್ಟೇ ಕಂಡವನನ್ನು ಎದುರಿಗೆ ನೋಡಿದ್ದು ಅದೇ ಮೊದಲು. ಅವನು ಗೋಡೆಯತ್ತ ಹೊರಳಿದ.

"ಬ್ಯಾರೆ ಯಾರೂ ಸಿಗಲಿಲ್ಲೇನ್ರಿ ನಿಮಗ? ಆಕಿ ಕೈಲೇ ಉಳಸಬೇಕಿತ್ತೇನು?"

ನಾನು ಹೊರಬಂದೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಶಾಂತವ್ವ ಕುಳಿತಿದ್ದಳು. "ನನಗ ಅವನ ಮ್ಯಾಲೆ ಎಂದೂ ಸಿಟ್ಟಿದ್ದಿಲ್ರಿ" ಎಂದಳು. "ಒಂದ ಸಲ ಕೇಳಿದ್ರ ಹೇಳತಿದ್ದೆ. ಈಗ ಹೇಳಾಕ ಬಂದ್ರ ನನ್ನ ಮಾರೀನ ನೋಡವಲ್ಲ."

ಮಾರುತಿ ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ. ನೌಕರಿಗೂ ಹೋಗಲಿಲ್ಲ. ವೈದ್ಯರ ಚಿಕಿತ್ಸೆ ನಡೆದಿದೆ. ಲಕ್ಷ್ಮಿ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾಳೆ: "ಗುಳಿಗಿ ತಗೋತಾರ್ರಿ, ಉಣ್ತಾರ. ಜೀವ ಐತಿ. ಮಾತ ಇಲ್ರಿ." ಅವನ ವಾರದ ಸಮಯವನ್ನು ನಾನು ಬೇರೆ ಯಾರಿಗೂ ಕೊಟ್ಟಿಲ್ಲ. ಅವನು ಬಂದಿಲ್ಲ.

ಜೀವ ಉಳಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ಆಸ್ಪತ್ರೆಯ ದಿನಗಳಲ್ಲಿ ನಂಬಿದ್ದೆ. ಈಗ ಹಾಗೆ ಯಾರಿಗೂ ಹೇಳುವುದಿಲ್ಲ. ಜೀವ ಉಳಿಸಲು ಯಾರಾದರೂ ಓಡಿ ಹೋಗಬಹುದು. ಆದರೆ ಬದುಕಲು ಒಪ್ಪಬೇಕಾದವನು ಉಳಿದವನೊಬ್ಬನೇ. ಆ ಒಪ್ಪಿಗೆಗಾಗಿ ನಾವು ಕಾಯಬಹುದು, ಕೊಡಿಸಲು ಬರುವುದಿಲ್ಲ.