ಏಳು ಸೀಟು, ಎಂಟು ಮಂದಿ

ಕಳೆದ ಬುಧವಾರ ಸಂಜೆ ನನಗೊಂದು ವಿಷಯ ಗೊತ್ತಾಯಿತು. ನಾನೇ ಯೋಜನೆ ಹಾಕಿದ, ನನ್ನ ವಿಶ್ರಾಂತಿಗೆಂದೇ ಹೊರಟಿದ್ದ ಪ್ರವಾಸದಲ್ಲಿ ಕೂರಲು ನನಗೇ ಸೀಟಿರಲಿಲ್ಲ.

ಯಾರೂ ಮೋಸ ಮಾಡಲಿಲ್ಲ. ಯಾರೂ ಜಗಳವಾಡಲಿಲ್ಲ. ಎಲ್ಲರೂ ಒಳ್ಳೆಯವರೇ. ಅದೇ ತೊಂದರೆ.

ಈ ಅಂಕಣ ಓದುವವರಿಗೆ ಗೊತ್ತು, ನಾನು ದಿನಚರಿ ಬರೆಯುವವಳು. ಯಾವ ದಿನ ಗ್ಯಾಸ್ ಸಿಲಿಂಡರ್ ಬದಲಾಯಿತು, ಯಾವ ದಿನ ಎ.ಸಿ. ಕೆಟ್ಟಿತು, ಎಲ್ಲವೂ ತಾರೀಖು ಸಮೇತ ಇರುತ್ತದೆ. ಕೆಲಸವೂ ಅಂಥದ್ದೇ. ಮಸ್ಕತ್ತಿನ ವಾದಿ ಕಬೀರ್‌ನಲ್ಲಿ ವಾಹನದ ಬಿಡಿಭಾಗ ಮಾರುವ ಕಂಪನಿಯೊಂದರ ಅಕೌಂಟ್ಸ್ ವಿಭಾಗ. ಮನೆಯೂ ಅಲ್ಲೇ, ಗ್ಯಾರೇಜುಗಳ ಹಿಂದಿನ ಬೀದಿಯಲ್ಲಿ. ಈ ಸಲ ಆಡಿಟ್ ಮುಗಿಯುವ ಹೊತ್ತಿಗೆ ನನ್ನ ಸ್ಥಿತಿ ಹೇಗಿತ್ತೆಂದರೆ, ಒಂದು ಸಂಜೆ ನಮ್ಮ ಬಿಲ್ಡಿಂಗಿನ ಲಿಫ್ಟಿನೊಳಗೆ ಹೋಗಿ ಗುಂಡಿ ಒತ್ತದೆ ನಿಂತುಬಿಟ್ಟಿದ್ದೆ. ಲಿಫ್ಟೂ ನಿಂತಿತ್ತು. ನಾವಿಬ್ಬರೂ ಸ್ವಲ್ಪ ಹೊತ್ತು ಹಾಗೇ ಇದ್ದೆವು.

ಆ ದಿನವೇ ನನ್ನ ಗಂಡ ಬಸವರಾಜ ಅವರಿಗೆ ಹೇಳಿದೆ, ನನಗೆ ಎರಡು ದಿನ ಬೇಕು. ಯಾರೂ ಏನೂ ಕೇಳದ ಎರಡು ದಿನ.

ಮಸ್ಕತ್ತಿನ ಆಗಸ್ಟ್ ಎಂದರೆ ಬಾಗಿಲು ತೆಗೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಎರಡು ತಾಸು ದೂರದ ಜಬಲ್ ಅಖ್ದರ್ ಬೆಟ್ಟದ ಮೇಲೆ ಮಾತ್ರ ಇದೇ ಹೊತ್ತಿನಲ್ಲಿ ಸಂಜೆಗೆ ಶಾಲು ಹೊದೆಯಬೇಕು. ದಾಳಿಂಬೆ ಹಣ್ಣಾಗುವ ಕಾಲ. ಪ್ರಪಾತದ ಅಂಚಿನಲ್ಲಿ ರೆಸಾರ್ಟುಗಳು. ಇಲ್ಲಿನ ನಮ್ಮ ಮಂದಿ ಅದನ್ನು ಸ್ವಿಟ್ಜರ್ಲೆಂಡ್ ಎಂದೇ ಕರೆಯುತ್ತಾರೆ (ಹಿಮ ಮತ್ತು ಹಸು ಬಿಟ್ಟು ಉಳಿದದ್ದೆಲ್ಲ ಇದೆ, ಅವರ ಪ್ರಕಾರ). ಶುಕ್ರವಾರ ಹೋಗಿ ಶನಿವಾರ ಬರುವುದು. ನಾವಿಬ್ಬರೇ.

ಇಷ್ಟು ಸರಳವಾದದ್ದು ಹೇಗೆ ಕೆಡುತ್ತದೆ? ಹೇಳುತ್ತೇನೆ.

ಆ ಬೆಟ್ಟಕ್ಕೆ ಫೋರ್‌ವ್ಹೀಲ್ ಡ್ರೈವ್ ಗಾಡಿ ಮಾತ್ರ ಬಿಡುತ್ತಾರೆ. ಬುಡದಲ್ಲೇ ಪೊಲೀಸ್ ಚೌಕಿ. ನಮ್ಮದು ಪುಟ್ಟ ಸೆಡಾನ್. ಹಾಗಾಗಿ ಹತ್ತಿರದ ಬರ್ಕಾ ಊರಿನಲ್ಲಿ ಹೆಂಡತಿ ಜೊಹರಾ ಜೊತೆ ತರಕಾರಿ ಅಂಗಡಿ ನಡೆಸುವ ಹಮೀದ್ ಭಾಯಿಗೆ ಫೋನ್ ಮಾಡಿದೆವು. ಬಂಟ್ವಾಳದ ಕಡೆಯವರು, ನಾವು ಇಲ್ಲಿಗೆ ಬಂದ ಮೊದಲ ವಾರದಿಂದ ಪರಿಚಯ. ಗಾಡಿ ಕೊಡುತ್ತೇನೆ ಎಂದು ತಕ್ಷಣ ಒಪ್ಪಿದರು. ಒಪ್ಪಿ, ಒಂದು ಕ್ಷಣ ಬಿಟ್ಟು ಹೇಳಿದರು: "ಅಲ್ಲ ಮಾರಾಯ್ರೆ, ಏಳು ಸೀಟಿನ ಗಾಡಿಯಲ್ಲಿ ಇಬ್ಬರು ಹೋಗುವುದಾ? ಗುಡ್ಡ ಇಳಿಯುವಾಗ ಬ್ರೇಕ್ ಬಿಸಿಯಾಗ್ತದೆ, ನಿಮಗೆ ಅಭ್ಯಾಸ ಇಲ್ಲ. ನಾನೇ ಬರ್ತೇನೆ. ಜೊಹರಾನೂ ಬರ್ಲಿ, ಅವಳು ಅಂಗಡಿ ಬಿಟ್ಟು ಎಲ್ಲಿಗೂ ಹೋಗಿಲ್ಲ."

ಬೇಡ ಎನ್ನಲಾಗುತ್ತದೆಯೇ? ಗಾಡಿ ಅವರದ್ದು. ಮೇಲಾಗಿ ಗಲ್ಫ್‌ನಲ್ಲಿ ನಮ್ಮವರ ನಡುವೆ ಬರೆಯದ ಕಾನೂನೊಂದಿದೆ: ಖಾಲಿ ಸೀಟು ಇಟ್ಟುಕೊಂಡು ಎಲ್ಲಿಗೂ ಹೊರಡಬಾರದು. ಏರ್‌ಪೋರ್ಟಿಗಾಗಲಿ, ಬೀಚಿಗಾಗಲಿ. ಖಾಲಿ ಸೀಟು ಸೊಕ್ಕಿನ ಗುರುತು. ಈಗ ನಾಲ್ಕು ಮಂದಿಯಾದೆವು.

ಬಸವರಾಜ ಅವರಿಗೆ ಶನಿವಾರ ರಜೆಯಿಲ್ಲ. ಅವರು ಮ್ಯಾನೇಜರ್ ದೇಶಪಾಂಡೆ ಸರ್ ಹತ್ತಿರ ರಜೆ ಕೇಳಿದರು. ಕಾರಣ ಹೇಳಬೇಕಾಯಿತು. ಸರ್ ರಜೆ ಕೊಟ್ಟರು, ಜೊತೆಗೆ ತಾವೂ ಜಬಲ್ ಅಖ್ದರ್ ನೋಡಿಲ್ಲವೆಂದು ಹೇಳಿಕೊಂಡರು. ಅವರ ಕಾರು ದೊಡ್ಡದು, ಆದರೆ ಫೋರ್‌ವ್ಹೀಲ್ ಅಲ್ಲ. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಅವರ ಮನೆಯಿಂದ ಮೂವರು ಸೇರಿಕೊಂಡರು: ಸರ್, ಅವರ ಹೆಂಡತಿ ಅಶ್ವಿನಿ ವೈನಿ, ಕಾಲೇಜಿಗೆ ಹೋಗುವ ಮಗಳು. ಏಳು ಭರ್ತಿ.

ವಾಟ್ಸ್‌ಆ್ಯಪ್ ಗ್ರೂಪು ಹುಟ್ಟಿತು. ಅಡ್ಮಿನ್ ಯಾರು ಅಂತ ಬೇರೆ ಹೇಳಬೇಕೇ?

"ನೀವು ಭಾಳ ವ್ಯವಸ್ಥಿತ ಇದ್ದೀರಿ" ಎಂದರು ವೈನಿ. ಈ ಮಾತನ್ನು ನಾನು ಹೈಸ್ಕೂಲಿನಿಂದ ಕೇಳುತ್ತಿದ್ದೇನೆ. ಇದು ಹೊಗಳಿಕೆಯಲ್ಲ, ಕೆಲಸದ ಆರ್ಡರು. ರೂಮು ಬುಕ್ ಮಾಡಿದೆ. ಹಮೀದ್ ಭಾಯಿಗೆ ಶುಕ್ರವಾರದ ನಮಾಜ್ ತಪ್ಪದ ಹಾಗೆ ಹೊರಡುವ ಹೊತ್ತು ಹೊಂದಿಸಿದೆ. ದೇಶಪಾಂಡೆಯವರು ಬೆಳ್ಳುಳ್ಳಿ ತಿನ್ನುವುದಿಲ್ಲ, ಅವರಿಗೆ ಬೇರೆ ಚಟ್ನಿ. ಆಫೀಸಿನಿಂದ ಬಂದ ಮೇಲೆ ಚಪಾತಿ, ಶೇಂಗಾ ಹಿಂಡಿ, ಮೊಸರನ್ನದ ಯೋಚನೆ. ಆಡಿಟ್ ಮುಗಿದಿತ್ತು ಅಂದೆನಲ್ಲ? ತಪ್ಪು.

ಬುಧವಾರ ಸಂಜೆ ಅಶ್ವಿನಿ ವೈನಿಯ ಮೆಸೇಜು ಬಂತು. ಪುಣೆಯಿಂದ ಅವರ ತಂಗಿ ವಿಸಿಟ್ ವೀಸಾದಲ್ಲಿ ಬಂದಿದ್ದಾಳೆ, ಒಬ್ಬಳನ್ನೇ ಮನೆಯಲ್ಲಿ ಬಿಟ್ಟು ಬರುವುದು ಹೇಗೆ, ಒಂದು ಸೀಟು ಹೇಗಾದರೂ ಅಡ್ಜಸ್ಟ್ ಮಾಡಿ, ನಿಮಗೆ ಎಲ್ಲಾ ಬರುತ್ತದೆ. ಕೆಳಗೆ ನಗುವ ಮುಖ.

ಚೌಕಿಯಲ್ಲಿ ಪೊಲೀಸರು ತಲೆ ಎಣಿಸುತ್ತಾರೆ. ಎಂಟನೆಯವರನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಊರಲ್ಲ ಇದು. ಮೆಸೇಜನ್ನು ಬಸವರಾಜ ಅವರಿಗೆ ತೋರಿಸಿದೆ. ಅವರು ಓದಿದರು. ಗಡ್ಡ ಕೆರೆದುಕೊಂಡರು.

"ಈಗ ಏನ ಮಾಡೂಣು?" ಎಂದರು.

ನಾನು ಕಾದೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಬೆಟ್ಟವೂ ಅಲ್ಲ, ತಂಪೂ ಅಲ್ಲ. ಇದು ನಮ್ಮಿಬ್ಬರದು, ಸರ್‌ಗೆ ನಾನೇ ಹೇಳುತ್ತೇನೆ ಎಂಬ ಅವರ ಒಂದು ಮಾತು. ಅವರು ಚಹಾ ಇಡಲೇನು ಎಂದು ಕೇಳಿದರು.

"ನಾ ಬರೂದಿಲ್ಲ ಬಿಡ್ರಿ. ನನ್ನ ಸೀಟು ಅಕಿಗೆ ಕೊಡ್ರಿ."

"ಖರೇನ?" ಎಂದರು. ಪಾಪ, ಮುಖ ಸಣ್ಣದಾಯಿತು. ಅದು ನಿಜವಾದ ಬೇಸರವೇ. ಆದರೆ ಅದರ ಬೆನ್ನಿಗೇ ಇನ್ನೊಂದು ಬಂತು: "ಮತ್ತ ರೂಮಿನ ಬುಕಿಂಗ್ ಯಾರ ಹೆಸರಿಗೈತಿ?"

ಗ್ರೂಪಿನಲ್ಲಿ ತಿಳಿಸಿದೆ. ಅಯ್ಯೋ, ಛೇ, ಮಿಸ್ ಯೂ ಎಂಬ ಮೆಸೇಜುಗಳ ನಡುವೆ ಚಪಾತಿ ಗುರುವಾರವೇ ಕಳಿಸುತ್ತೀರಾ ಎಂಬುದೂ ಇತ್ತು. ಯಾಕೆ ಎಂದು ಕೇಳಿ ಫೋನ್ ಮಾಡಿದವಳು ಜೊಹರಾ ಒಬ್ಬಳೇ. "ನೀವಿಲ್ಲದೆ ನಾನು ಆ ಗುಡ್ಡದಲ್ಲಿ ಎಂತ ಮಾಡ್ಲಿ? ನೀವು ಹೋಗಿ, ನಾನು ಉಳೀತೇನೆ" ಎಂದಳು. ಬೆಳಿಗ್ಗೆ ಐದಕ್ಕೆ ಎದ್ದು ಮಾಲು ಇಳಿಸಿಕೊಳ್ಳುವ ಹೆಂಗಸು ಆಕೆ. ನಾನು ಒಪ್ಪಲಿಲ್ಲ. ಇಬ್ಬರು ದಣಿದವರ ನಡುವೆ ಒಂದೇ ಸೀಟು ಇದ್ದರೆ ಅದು ಯಾರದ್ದು? ನನಗೆ ಗೊತ್ತಿಲ್ಲ. ಜೊಹರಾಳೂ ಹೋಗದಿದ್ದರೆ ನಾನು ಉಳಿದದ್ದಕ್ಕೆ ಅರ್ಥವೇ ಇರುವುದಿಲ್ಲ ಎನ್ನುವುದಷ್ಟೇ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವರು ಹೋದರು. ನಾನು ಮತ್ತೆ ಹಾಸಿಗೆಗೆ ಬಿದ್ದೆ. ಯಾರೂ ಏನೂ ಕೇಳದ ಎರಡು ದಿನ, ಕೊನೆಗೂ.

ಮೊದಲ ಫೋನು ಅವರಿನ್ನೂ ನಿಜ್ವಾ ರಸ್ತೆಯಲ್ಲಿದ್ದಾಗಲೇ ಬಂತು. ಉಪ್ಪಿನಕಾಯಿ ಯಾವ ಬ್ಯಾಗಿನಲ್ಲಿದೆ? ಆಮೇಲೆ, ಚೆಕ್-ಇನ್ ಎಷ್ಟಕ್ಕೆ? ವೈನಿಯ ತಂಗಿಗೆ ತಿರುವಿನಲ್ಲಿ ವಾಂತಿಯಾಗುತ್ತದಂತೆ, ಲಿಂಬೆಹಣ್ಣು ಹಾಕಿದ್ದೀರಾ? ಹಾಕಿದ್ದೆ (ಪಕ್ಕದ ಜೇಬಿನಲ್ಲಿ). ಮೇಲೆ ಮಸೀದಿ ಎಲ್ಲಿದೆ? ನನ್ನ ಸ್ವೆಟರ್ ಇಟ್ಟೀ ಏನು? ಮಧ್ಯಾಹ್ನದೊಳಗೆ ಹನ್ನೊಂದು ಕರೆ. ಗೀಟು ಹಾಕಿ ಎಣಿಸಿದ್ದೇನೆ, ಅದು ನನ್ನ ಚಟ. ಎಲ್ಲಕ್ಕೂ ಉತ್ತರ ಕೊಟ್ಟೆ. ಒಂದಕ್ಕೂ ತಡವರಿಸಲಿಲ್ಲ. ಸ್ವಲ್ಪ ಹೆಮ್ಮೆಯೂ ಆಯಿತು ಎಂದರೆ ನಗಬೇಡಿ.

ಹನ್ನೆರಡನೆಯದು ಬಸವರಾಜ ಅವರದ್ದು. ರೆಸಾರ್ಟ್ ತಲುಪಿದ್ದರು. ಹಿಂದೆ ಗಾಳಿಯ ಸದ್ದು ಕೇಳುತ್ತಿತ್ತು.

"ಭಾಳ ಚಂದ ಐತಿ ಇಲ್ಲೆ. ನೀ ಇರಬೇಕಿತ್ತು" ಎಂದರು. ಆಮೇಲೆ ಕೇಳಿದರು: "ಈಗ ಏನ ಮಾಡೂಣು?"

ಪ್ರಪಾತದ ಅಂಚಿನಲ್ಲಿ, ತಂಪು ಗಾಳಿಯಲ್ಲಿ, ಕುರ್ಚಿಗಳ ಎದುರು ನಿಂತ ಏಳು ಜನ ವಯಸ್ಕರು ಏನು ಮಾಡಬೇಕೆಂದು ವಾದಿ ಕಬೀರ್‌ನ ಬೆಡ್‌ರೂಮಿನಿಂದ ನಾನು ಹೇಳಬೇಕಿತ್ತು. ಸಿಗ್ನಲ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಫೋನ್ ಸ್ವಿಚ್ ಆಫ್ ಮಾಡಿದೆ.

ಅಲ್ಲಿಂದ ನಿರಾಳ ಎಂದುಕೊಂಡಿರಾ? ಎರಡು ತಾಸು ಚಾವಣಿ ನೋಡುತ್ತ ಅವರ ಜೊತೆಗೇ ತಿರುಗಿದೆ. ಈಗ ದಾಳಿಂಬೆ ತೋಟದಲ್ಲಿರಬೇಕು. ಈಗ ಊಟ. ಮೊಸರನ್ನ ಹುಳಿಯಾಗಿರಬಹುದೇ? ಫೋನು ಆರಿಸುವುದು ಸುಲಭ. ತಲೆಯನ್ನು ಆರಿಸುವ ಗುಂಡಿ ಎಲ್ಲಿದೆ? ನನಗೆ ನಿದ್ದೆ ಎನ್ನುವಂಥ ನಿದ್ದೆ ಬಂದದ್ದು ಶನಿವಾರ ಬೆಳಿಗ್ಗೆ ಮಾತ್ರ.

ಸಂಜೆ ಅವರು ಬಂದರು. ಕೆಂಪಗೆ, ನಗುತ್ತ, ಒಂದು ಚೀಲ ದಾಳಿಂಬೆ ಹೊತ್ತು. ಏನೂ ಕೆಟ್ಟಿರಲಿಲ್ಲ. ನನ್ನ ಫೋನು ಸಿಗದೇ ಹೋದ ಮೇಲೆ ದಾಳಿಂಬೆ ತೋಟದ ದಾರಿಯನ್ನು ಹಮೀದ್ ಭಾಯಿ ಒಬ್ಬ ಅಂಗಡಿಯವನನ್ನು ಕೇಳಿದರಂತೆ. ಚಪಾತಿ ಬಿಚ್ಚಲೇ ಇಲ್ಲ, ರೆಸಾರ್ಟಿನಲ್ಲೇ ಉಂಡರಂತೆ. ನಾನು ತಾಸಿನ ಪ್ರಕಾರ ಬರೆದು ಕಳಿಸಿದ ಕಾರ್ಯಕ್ರಮವನ್ನು ಯಾರೂ ತೆರೆದಿರಲಿಲ್ಲ. ಜೊಹರಾ ಮಧ್ಯಾಹ್ನದವರೆಗೆ ಮಲಗಿದ್ದಳಂತೆ. ಆ ಒಂದು ಸುದ್ದಿಗೆ ನನಗೆ ಸಂತೋಷವಾಯಿತು.

ಉಳಿದದ್ದು ಚುಚ್ಚಿತು. ನಾನಿಲ್ಲದಿದ್ದರೆ ನಡೆಯುವುದಿಲ್ಲ ಎಂದು ನಾನು ನಂಬಿದ್ದೆ. ನಾನು ಎತ್ತುತ್ತಿದ್ದುದರಿಂದಲೇ ಆ ಹನ್ನೊಂದು ಕರೆಗಳೂ ಬಂದವು. ಎತ್ತದಿದ್ದಾಗ ಜನ ಬ್ಯಾಗು ತೆರೆದು ನೋಡಿಕೊಳ್ಳುತ್ತಾರೆ. ಅಷ್ಟೇ. ನನ್ನನ್ನು ಸುಸ್ತು ಮಾಡಿದವರ ಪಟ್ಟಿಗೆ ನನ್ನ ಹೆಸರನ್ನೂ ಸೇರಿಸಬೇಕೇನೋ. ನಿಮ್ಮ ಮನೆಯಲ್ಲೂ ಇಂಥವರು ಒಬ್ಬರಿರುತ್ತಾರೆ. ಬಹುಶಃ ಈಗ ಇದನ್ನು ಓದುತ್ತ, ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟಿರುತ್ತಾರೆ.

ಎಲ್ಲರೂ ಹೋದ ಮೇಲೆ ಬಸವರಾಜ ನನ್ನ ಪಕ್ಕ ಸೋಫಾದಲ್ಲಿ ಕೂತರು. ರಾತ್ರಿ ರೆಸಾರ್ಟಿನ ರೂಮಿನ ಬಾಲ್ಕನಿಯಲ್ಲಿ ಎರಡು ಕುರ್ಚಿ ಇದ್ದವು, ಒಂದರಲ್ಲಿ ದೇಶಪಾಂಡೆ ಸರ್ ಕೂತು ಆಫೀಸಿನ ಮಾತೇ ಆಡಿದರು ಎಂದು ಹೇಳಿದರು.

"ಮುಂದಿನ ತಿಂಗಳ ನಾವಿಬ್ಬರ ಹೋಗೂಣು. ಗಾಡಿ ಬಾಡಿಗಿಗೆ ತರತೀನಿ. ಸರ್‌ಗೆ ನಾನ ಹೇಳ್ತೀನಿ. ಪ್ಲ್ಯಾನ್ ಎಲ್ಲಾ ನಂದು, ನೀ ಸುಮ್ಮ ಕೂಡು."

ಬುಧವಾರ ನಾನು ಕಾದಿದ್ದ ಮಾತು ಶನಿವಾರ ಬಂದು ತಲುಪಿತು. ಬಂದದ್ದು ದೊಡ್ಡದೇ. ಅವರು ಉತ್ಸಾಹದಿಂದ ಫೋನ್ ಕೈಗೆತ್ತಿಕೊಂಡರು. ಪರದೆಯನ್ನು ಮೇಲೆ ಕೆಳಗೆ ಸರಿಸಿದರು. ಗಡ್ಡ ಕೆರೆದುಕೊಂಡರು.

"ಅಲ್ಲಾ, ಮೊದಲ ಏನ ಮಾಡಬೇಕು?"

ಉತ್ತರ ನನಗೆ ಗೊತ್ತಿತ್ತು, ಆದರೆ ಹೇಳಲಿಲ್ಲ. ಇದನ್ನು ರಜೆ ಎನ್ನಬಹುದೇ, ನೀವೇ ಹೇಳಿ.