ರಾಯಾಪುರದ ಇಳಿಜಾರಿನಲ್ಲಿ ಒಂದು ನಮಸ್ಕಾರ

ಧಾರವಾಡದ ನಮ್ಮ ಓಣಿಯಿಂದ ಹುಬ್ಬಳ್ಳಿಯ ಕಚೇರಿಗೆ ಇಪ್ಪತ್ತು ಕಿಲೋಮೀಟರ್. ನಾನೂ ನನ್ನ ಹಿರಿಯ ಸಹೋದ್ಯೋಗಿಯೂ ಸೈಕಲ್ಲಿನಲ್ಲೇ ಹೋಗುತ್ತೇವೆ. ನನಗೆ ಹೊಟ್ಟೆ ಕರಗಿದರೆ ಸಾಕು. ಅವರಿಗೆ ಸೈಕಲ್ಲು ಉಳಿಯಬೇಕಿತ್ತು. ಅವರ ಹೆಂಡತಿ, ನಾನು ವೈನಿ ಎನ್ನುವವರು, ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದರು: "ಒಂದ ತಾಸಿನ್ಯಾಗ ಆಫೀಸ್ ಮುಟ್ಟಿದ್ರ ಸೈಕಲ್ ಇರ್ಲಿ. ಇಲ್ಲಂದ್ರ ದೀಪಾವಳಿಗೆ ಅದನ್ನ ಕೊಟ್ಟು ಸ್ಕೂಟರ್ ತರೂದು."

ಅಂದರೆ ಸರಾಸರಿ ವೇಗ ತಾಸಿಗೆ ಇಪ್ಪತ್ತು ಬರಬೇಕು. ಹಬ್ಬ ಹತ್ತಿರವಾದರೂ ಅವರ ಫೋನು ಹದಿನಾಲ್ಕರ ಮೇಲೆ ತೋರಿಸುತ್ತಿರಲಿಲ್ಲ.

ದೋಷ ಕಾಲಿನದಲ್ಲ. ಟೈರಿಗೆ ಗಾಳಿ ಬಿಗಿ ಮಾಡಿಸಿದ್ದರು, ಚೈನಿಗೆ ಎಣ್ಣೆ ಬಿಟ್ಟಿದ್ದರು, ಭಾರ ಇಳಿಯಲೆಂದು ಡಬ್ಬಿಯಲ್ಲಿ ಒಂದು ರೊಟ್ಟಿ ಕಡಿಮೆ ಮಾಡಿದ್ದರು. ವೇಗ ಸೋರುತ್ತಿದ್ದದ್ದು ಬೇರೆ ಕಡೆ. ಗುರುತಿನ ಹಿರಿಯರು ಎದುರಾದರೆ ನಮ್ಮಲ್ಲಿ ಸೈಕಲ್ಲಿನಿಂದ ಇಳಿಯಬೇಕು. ಇಳಿದ ಮೇಲೆ "ಆರಾಮ ಅದೀರಿ?" ಎನ್ನಬೇಕು. ಹಾಗೆಂದ ಮೇಲೆ ಅವರ ಮೊಣಕಾಲು, ಸೊಸೆಯ ಹೆರಿಗೆ, ಕಡಲೆ ಬಿತ್ತನೆ ಎಲ್ಲ ಕೇಳಿ, ಚಹಾ ಬೇಡವೆಂದು ಹೇಳುತ್ತಲೇ ಕುಡಿಯಬೇಕು. ಇವರಿಗೋ ರಸ್ತೆಯುದ್ದಕ್ಕೂ ಬೀಗರು.

ಕೊನೆಗೆ ಅವರೇ ಒಂದು ಪದ್ಧತಿ ಕಂಡುಹಿಡಿದರು. ಕಿರಿಯರಿಗೆ ಬೆಲ್ಲು. ಓರಗೆಯವರಿಗೆ ತಲೆ ಅಲುಗಿಸುವುದು. ಹಿರಿಯರಿಗೆ ಹ್ಯಾಂಡಲ್ಲಿನಿಂದ ಎರಡೂ ಕೈ ತೆಗೆದು ನಮಸ್ಕಾರ. ತೀರ ಹತ್ತಿರದ ಹಿರಿಯರಾದರೆ ಕೈಮುಗಿದು ಬಾಗುವುದು. ಸೈಕಲ್ಲು ಮಾತ್ರ ನಿಲ್ಲಕೂಡದು.

"ಸರ, ಒಂದ ಕೈಲೆ ಮಾಡ್ರಲಾ," ಎಂದೆ.

"ಒಂದ ಕೈ ಬೀಸಾಕ ನಾ ಏನ್ ಇಲೆಕ್ಷನ್‌ಗೆ ನಿಂತೇನೇನ್ರಿ?"

ಮನೆಯ ಹತ್ತಿರದ ಬಯಲಿನಲ್ಲಿ ತಾಲೀಮು ನಡೆಯಿತು. ಒಂದು ಎಮ್ಮೆಗೆ ಬಾಗಿ ಬಾಗಿ ನಮಸ್ಕರಿಸುವುದನ್ನು ನಾನೇ ನೋಡಿದೆ. ಸರಾಸರಿ ನಿಜಕ್ಕೂ ಏರಿತು. ಆ ಸೋಮವಾರ ನವಲೂರು ದಾಟುವಾಗ ಹಿಂತಿರುಗಿ ಕೂಗಿದರು: "ಹತ್ತೊಂಬತ್ತು ಆತು! ಇವತ್ತ ಸ್ಕೂಟರಿನ ತಿಥಿ!"

ರಾಯಾಪುರದ ಹತ್ತಿರ ಸ್ವಲ್ಪ ಇಳಿಜಾರಿದೆ. ನಾನು ಅವರ ಹಿಂದೆ ಹತ್ತು ಮಾರು ದೂರದಲ್ಲಿದ್ದೆ. ಎಡಕ್ಕೆ ಚಹಾದಂಗಡಿ. ಅದರ ಮುಂದೆ ಅಮ್ಮಿನಬಾವಿಯ ಹಿರಿಯರೊಬ್ಬರು ಕೈಚೀಲ ಹಿಡಿದು ನಿಂತಿದ್ದರು. ವೈನಿಯ ಸೋದರಮಾವ. ಇವರಿಬ್ಬರ ಮದುವೆ ಕುದುರಿಸಿದವರು. ಅವರಿಗಿಂತ ದೊಡ್ಡ ನಮಸ್ಕಾರಕ್ಕೆ ಯೋಗ್ಯರು ಆ ರಸ್ತೆಯಲ್ಲಿ ಯಾರೂ ಇರಲಿಲ್ಲ.

ಅದೇ ಹೊತ್ತಿಗೆ ಮುಂದಿದ್ದ ಟೆಂಪೊ ಬಲಕ್ಕೆ ತಿರುಗತೊಡಗಿತು. ಅದರ ಹಿಂದೆ ಉದ್ದಕ್ಕೆ ಚಾಚಿದ ಕಬ್ಬಿಣದ ಸಳಿಗಳು, ತುದಿಗೆ ಕಟ್ಟಿದ ಕೆಂಪು ಬಟ್ಟೆ. ಟೆಂಪೊದ ಮೂತಿ ಬಲಕ್ಕೆ ಹೋದಂತೆ ಸಳಿಗಳು ಎಡಕ್ಕೆ, ಸರಿಯಾಗಿ ನನ್ನ ಸಹೋದ್ಯೋಗಿಯ ಕುತ್ತಿಗೆಯ ಎತ್ತರದಲ್ಲಿ, ಬೀಸಿಕೊಂಡು ಬಂದವು.

ಅವರು ಅತ್ತ ನೋಡುತ್ತಲೇ ಇರಲಿಲ್ಲ. ಮಾವನ ಕಡೆ ಮುಖ, ಎರಡೂ ಕೈ ಎದೆಗೆ. ನನಗೆ ಕೂಗಬೇಕೆನಿಸಿತು. ಬಾಯಿಂದ ಬಂದದ್ದು "ಸರ ಸರ ಸರ" ಅಷ್ಟೇ, ಅದೂ ಪಿಸುಮಾತಿನಲ್ಲಿ. "ಶರಣ್ರೀ ಮಾವಾರ!" ಎನ್ನುತ್ತ ಅವರು ಬಾಗಿದರು. ಹಣೆ ಹ್ಯಾಂಡಲ್ಲಿಗೆ ತಾಗುವಷ್ಟು ಬಾಗಿದರು. ಸಳಿಗಳು ಬೆನ್ನ ಮೇಲಿಂದ ಹಾದುಹೋದವು. ಕೆಂಪು ಬಟ್ಟೆ ಬೆನ್ನು ಸವರಿತು.

ನಾನು ಸೈಕಲ್ಲು ಬಿಟ್ಟು ರಸ್ತೆಯ ಬದಿಯಲ್ಲೇ ಕುಳಿತುಬಿಟ್ಟೆ. ಸೈಕಲ್ಲು ಬಿದ್ದ ಸದ್ದಿಗೆ ಹಿಂತಿರುಗಿ ನೋಡಿದ ಅವರು ನಿಲ್ಲಲೇಬೇಕಾಯಿತು. ಮಾವ ಚೀಲ ತೂಗಾಡಿಸುತ್ತ ಬಂದರು. ಸಳಿಗಳನ್ನು ಅವರೂ ಕಂಡಿರಲಿಲ್ಲ.

"ಏನ್ರಿ ಅಳ್ಯಾರ, ವಿಮಾನ ಹಿಡ್ಯಾಕ ಹೊಂಟಿದ್ರೇನು? ಇಳದು ಮಾತಾಡ್ಸಾಕ ಏನಾಗಿತ್ತು?"

"ಶರಣು ಮಾಡಿದ್ನೆಲ್ರಿ. ನೀವೂ ಬೆನ್ನ ಸವರಿ ಆಶೀರ್ವಾದ ಮಾಡಿದ್ರಿ."

"ನಾ ಎಲ್ಲಿ ಸವರೀನಿ? ನಾ ಅಲ್ಲೇ ನಿಂತಿದ್ನಿ."

ಟೆಂಪೊ ಹೋಗಿದ್ದ ಓಣಿಯತ್ತ ನಾನು ಬೆರಳು ತೋರಿಸಿದೆ. ಕೆಂಪು ಬಟ್ಟೆ ದೂರದಲ್ಲಿ ಕುಣಿಯುತ್ತಿತ್ತು. ಹೇಗೋ ತೊದಲುತ್ತ ಹೇಳಿದೆ. ಸಹೋದ್ಯೋಗಿ ಬೆನ್ನು ಮುಟ್ಟಿ ನೋಡಿಕೊಂಡರು, ಆಮೇಲೆ ಕುತ್ತಿಗೆ. ಚಹಾ ಬೇಡವೆಂದು ಯಾರೂ ಅನ್ನಲಿಲ್ಲ. ಸಹೋದ್ಯೋಗಿಯ ಫೋನು ಮಾತ್ರ ಸರಾಸರಿ ಎಣಿಸುತ್ತಲೇ ಇತ್ತು: ಹದಿನೇಳು, ಹದಿನೈದು, ಹನ್ನೆರಡು.

ಮಾವನೇ ವೈನಿಗೆ ಫೋನು ಹಚ್ಚಿದರು. "ನಿನ್ನ ಗಂಡ ಭಾಳ ಮರ್ಯಾದಸ್ಥ ನೋಡವಾ. ಅದಕ್ಕ ಉಳದ," ಎಂದು ಶುರುಮಾಡಿ ಎಲ್ಲ ಹೇಳಿದರು. ಆ ಕಡೆಯಿಂದ ವೈನಿಯ ದನಿ ನಮ್ಮೆಲ್ಲರಿಗೂ ಕೇಳುವಂತೆ ಬಂತು: "ಎರಡೂ ಕೈ ಬಿಟ್ಟು? ಆ ಮನಶಾಗ ಹೇಳ್ರಿ. ತಾಸೂ ಬ್ಯಾಡ, ಸ್ಕೂಟರೂ ಬ್ಯಾಡ. ಸ್ಕೂಟರ್ ಮ್ಯಾಲೂ ಹಿಂಗ ಮಾಡಾಂವ ಅಂವ. ಮಧ್ಯಾಹ್ನ ಮುಟ್ಲಿ, ಕಂಡಕಂಡವ್ರ ಮುಂದ ಇಳದ ಹೋಗ್ಲಿ."

ಸೈಕಲ್ಲು ಉಳಿಯಿತು. ಈಗ ಅವರು ಓರಗೆಯವರಿಗೂ ಇಳಿಯುತ್ತಾರೆ. ಸರಾಸರಿ ಹತ್ತು. ಅವರು ನಿಶ್ಚಿಂತರು. ನಿಶ್ಚಿಂತೆ ಇಲ್ಲದವನು ನಾನು. ಆ ಮಾವನ ಜಾಗದಲ್ಲಿ ಬರೀ ಓರಗೆಯವರೊಬ್ಬರು ನಿಂತಿದ್ದರೆ ಇವರು ತಲೆಯನ್ನಷ್ಟೇ ಅಲುಗಿಸುತ್ತಿದ್ದರು ಎಂದು ದಿನಕ್ಕೆ ಎಷ್ಟು ಸಲ ನೆನೆಯುತ್ತೇನೋ. ಕಚೇರಿಯಲ್ಲಿ ಯಾರಾದರೂ ಕೈಮುಗಿದರೆ ನನ್ನ ಕಿವಿಯಲ್ಲಿ ಸಳಿಗಳು ಝಣಗುಡುತ್ತವೆ, ಸೊಂಟ ತಾನಾಗಿ ಬಾಗುತ್ತದೆ, ಹಣೆ ಮೇಜಿಗೆ ತಾಗುವಷ್ಟು. ಹೊಸದಾಗಿ ಸೇರಿದವರು ನನ್ನನ್ನು ತುಂಬ ಸಂಭಾವಿತ ಮನುಷ್ಯ ಅಂದುಕೊಂಡಿದ್ದಾರೆ.